ಪೂರ್ಣಫಲಕವೋ, ಕಿರುಫಲಕವೋ? ಮನೆಯ ಕ್ಯಾಮರಾ ವಿಚಾರ

ಪದಾರ್ಥಗಳಿಗೆ ಹೆಸರಿಡುವವರ ಕೈಯಲ್ಲಿ ದೊಡ್ಡದೊಂದು ಶಕ್ತಿಯುಂಟು. ಯಾವುದೊಂದು ವಸ್ತುವನ್ನು ‘ಪೂರ್ಣ’ವೆಂದು ಕರೆದ ಕ್ಷಣದಿಂದಲೇ ಅದರ ನೆರೆಯಲ್ಲಿರುವ ವಸ್ತುವು ತನ್ನದೇನೂ ತಪ್ಪಿಲ್ಲದೆ ‘ಅಪೂರ್ಣ’ವಾಗಿಬಿಡುತ್ತದೆ. ಈಗಿನ ಕ್ಯಾಮರಾ ಅಂಗಡಿಗಳಲ್ಲಿ ನಡೆಯುತ್ತಿರುವುದು ಇದೇ. ಒಂದು ಬಗೆಯ ಯಂತ್ರಕ್ಕೆ ‘ಫುಲ್ ಫ್ರೇಮ್’ ಎಂದು ಹೆಸರು. ಮತ್ತೊಂದು ಬಗೆಗೆ ‘ಕ್ರಾಪ್ ಸೆನ್ಸರ್’ ಎಂದು ಹೆಸರು. ಮೊದಲನೆಯದು ತುಂಬಿದ ಚೌಕಟ್ಟು. ಎರಡನೆಯದು ಕತ್ತರಿಸಿದ ಚೌಕಟ್ಟು. ಕೈಯಲ್ಲಿ ಹಣವನ್ನಿಟ್ಟುಕೊಂಡು, ಕತ್ತರಿಸಿದ್ದನ್ನು ಕೊಡಿರೆಂದು ಸಂತೋಷದಿಂದ ಕೇಳುವವರು ಯಾರು? ಸಾಲಮಾಡಿಯಾದರೂ ತುಂಬಿದ್ದನ್ನೇ ತರಬೇಕೆಂಬ ಆಸೆ ಹುಟ್ಟುವುದು ಸಹಜವೇ ಸರಿ.

ಈ ತಿಂಗಳು ನಮಗೆ ಈ ವಿಷಯವನ್ನು ಒದಗಿಸಿಕೊಟ್ಟವರು ನಮ್ಮ ವಾಚಕರಲ್ಲಿ ಒಬ್ಬರಾದ ಗೃಹಿಣಿ. ಅವರ ಪತ್ರದ ಸಾರಾಂಶವಿಷ್ಟು: ಮಗನಿಗೆ ಛಾಯಾಚಿತ್ರಗಳಲ್ಲಿ ಆಸಕ್ತಿ, ಕಂತಿನ ಮೇಲೆ ಪೂರ್ಣಫಲಕದ ಕ್ಯಾಮರಾ ತರಬೇಕೆಂಬುದು ಅವನ ಹಟ. ಯಜಮಾನರದು, ಬೆಲೆ ಕಡಮೆಯಾದ ಕಿರುಫಲಕವೇ ಮನೆಗೆ ಸಾಕೆಂಬ ವಾದ. ಎರಡು ತಿಂಗಳಿಂದ ಊಟದ ಹೊತ್ತಿನಲ್ಲೆಲ್ಲಾ ಇದೇ ಮಾತು. ಮನೆಯಲ್ಲಿ ೮೨ ವರ್ಷದ ಅತ್ತೆಯವರಿದ್ದಾರೆ. “ಇವರಿಬ್ಬರ ವಾದ ಮುಗಿಯಲಿಲ್ಲ, ಅತ್ತೆಯವರದೊಂದು ಒಳ್ಳೆಯ ಪಟವನ್ನು ತೆಗೆಯಲೂ ಇಲ್ಲ. ಎರಡು ಯಂತ್ರಗಳ ಚಿತ್ರಗಳಲ್ಲಿ ನಿಜವಾಗಿ ಎಷ್ಟು ಭೇದವಿದೆಯೆಂದು ನಮ್ಮಂಥವರಿಗೆ ತಿಳಿಯುವಂತೆ ಬರೆಯಿರಿ” ಎಂದು ಆ ತಾಯಿ ಕೇಳಿದ್ದಾರೆ. ಪ್ರಶ್ನೆಯು ಯಂತ್ರದ್ದಾದರೂ, ಅದರ ಹಿಂದಿರುವುದು ಮನೆಯ ಹಣ, ಮನೆಯ ಸಾಮರಸ್ಯ ಮತ್ತು ಹಿರಿಯ ಜೀವವೊಂದರ ಮುಖ. ಆದಕಾರಣ ಸಾವಧಾನವಾಗಿಯೇ ವಿಚಾರಮಾಡೋಣ.

ಸೂಕ್ಷ್ಮವಾದ ಅರುಂಧತೀ ನಕ್ಷತ್ರವನ್ನು ತೋರಿಸಬೇಕಾದಾಗ, ಮೊದಲು ಅದರ ಬಳಿಯ ದೊಡ್ಡ ನಕ್ಷತ್ರವನ್ನು ತೋರಿಸುವುದು ನಮ್ಮ ಹಿರಿಯರ ಕ್ರಮ. ನಾವೂ ಸ್ಥೂಲದಿಂದಲೇ ಆರಂಭಿಸುತ್ತೇವೆ. ಹಿಂದೆ ಕ್ಯಾಮರಾದ ಒಳಗೆ ಫಿಲ್ಮ್ ಇದ್ದ ಸ್ಥಾನದಲ್ಲಿ ಈಗ ಬೆಳಕನ್ನು ಗ್ರಹಿಸುವ ಸಿಲಿಕಾನಿನ ಫಲಕವೊಂದಿರುತ್ತದೆ. ಇದಕ್ಕೆ ಸೆನ್ಸರ್ ಎಂದು ಹೆಸರು. ಪೂರ್ಣಫಲಕವು ೩೬ ಮಿಲಿಮೀಟರ್ ಅಗಲ, ೨೪ ಮಿಲಿಮೀಟರ್ ಎತ್ತರವಾಗಿರುತ್ತದೆ. ಕಿರುಫಲಕವು ನಿಕಾನ್, ಸೋನಿ ಮೊದಲಾದವರ ಯಂತ್ರಗಳಲ್ಲಿ ಸುಮಾರು ೨೩.೫ಕ್ಕೆ ೧೫.೬ ಮಿಲಿಮೀಟರು, ಕ್ಯಾನನ್ ಯಂತ್ರಗಳಲ್ಲಿ ಸುಮಾರು ೨೨.೩ಕ್ಕೆ ೧೪.೯ ಮಿಲಿಮೀಟರು. ಗುಣಿಸಿ ನೋಡಿದರೆ ಮೊದಲನೆಯದರ ವಿಸ್ತೀರ್ಣ ೮೬೪ ಚದರ ಮಿಲಿಮೀಟರು, ಕ್ಯಾನನ್ನಿನ ಕಿರುಫಲಕದ್ದು ಸುಮಾರು ೩೩೨. ಎಂದರೆ ಪೂರ್ಣಫಲಕವು ಕಿರುಫಲಕದ ೨.೬ ಪಾಲು ದೊಡ್ಡದು. ಈ ೨.೬ ಎಂಬ ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇಡೀ ವಿವಾದದ ಬೀಜವು ಇದರಲ್ಲಿಯೇ ಇದೆ.

ಹಾಗಾದರೆ ೩೬ಕ್ಕೆ ೨೪ ಎಂಬುದೇ ‘ಪೂರ್ಣ’ವೆಂದು ಯಾವ ಶಾಸ್ತ್ರವು ವಿಧಿಸಿತು? ಯಾವ ಶಾಸ್ತ್ರವೂ ಅಲ್ಲ. ಜರ್ಮನಿಯ ವೆಟ್ಸ್ಲಾರ್ ಎಂಬ ಊರಿನಲ್ಲಿ ಲೈಟ್ಸ್ ಕಂಪನಿಯ ಆಸ್ಕರ್ ಬಾರ್ನಾಕ್ ಎಂಬ ಯಂತ್ರಶಿಲ್ಪಿಯು, ಚಲಚ್ಚಿತ್ರಕ್ಕೆಂದು ತಯಾರಾಗುತ್ತಿದ್ದ ೩೫ ಮಿಲಿಮೀಟರ್ ಅಗಲದ ಫಿಲ್ಮನ್ನು ಅಡ್ಡಲಾಗಿ ಓಡಿಸಿ, ಚಲಚ್ಚಿತ್ರದ ಒಂದು ಚೌಕಟ್ಟಿನ ಎರಡರಷ್ಟು ಜಾಗದಲ್ಲಿ ಒಂದು ಸ್ಥಿರಚಿತ್ರ ಬೀಳುವಂತೆ ಮಾಡಿದನು. ಆ ಯಂತ್ರವೇ ‘ಲೈಕಾ’ ಎಂಬ ಹೆಸರಿನಿಂದ ೧೯೨೫ರಲ್ಲಿ ಲೈಪ್ಜಿಗ್ ಜಾತ್ರೆಯಲ್ಲಿ ಪ್ರಕಟವಾಯಿತು. ಆ ಕಾಲದ ಸ್ಟುಡಿಯೋಗಳಲ್ಲಿ ಎಂಟೂವರೆ ಅಂಗುಲಕ್ಕೆ ಆರೂವರೆ ಅಂಗುಲದ ಗಾಜಿನ ಫಲಕವನ್ನು ‘ಫುಲ್ ಪ್ಲೇಟ್’ ಎನ್ನುತ್ತಿದ್ದರು. ಅದರ ವಿಸ್ತೀರ್ಣವು ಇಂದಿನ ‘ಪೂರ್ಣ’ಫಲಕದ ಸುಮಾರು ೪೧ ಪಾಲು! ಅಂದಿನ ಪೂರ್ಣದ ಮುಂದೆ ಇಂದಿನ ಪೂರ್ಣವು ಅಂಚೆಯ ಚೀಟಿಯಷ್ಟಾದರೂ ಇದ್ದೀತೋ ಇಲ್ಲವೋ.

ಕಿರುಫಲಕದ ಕಥೆಯೂ ಹೀಗೆಯೇ. ೧೯೯೬ರಲ್ಲಿ ‘ಅಡ್ವಾನ್ಸ್ಡ್ ಫೋಟೋ ಸಿಸ್ಟಂ’ ಎಂಬ ಹೊಸ ಫಿಲ್ಮಿನ ಪದ್ಧತಿಯೊಂದು ಹೊರಟಿತು. ಅದರಲ್ಲಿ ‘ಕ್ಲಾಸಿಕ್’ ಎಂಬ ಅಳತೆಯು ೨೫.೧ಕ್ಕೆ ೧೬.೭ ಮಿಲಿಮೀಟರು. ಆ ಫಿಲ್ಮಿನ ತಯಾರಿಕೆಯು ೨೦೧೧ರಲ್ಲಿ ನಿಂತುಹೋಯಿತು. ಆದರೆ ಹೆಚ್ಚುಕಡಮೆ ಅದೇ ಅಳತೆಯ ಸೆನ್ಸರುಗಳಿಗೆ ‘ಎ.ಪಿ.ಎಸ್.-ಸಿ’ ಎಂಬ ಹೆಸರು ಇಂದಿಗೂ ಉಳಿದಿದೆ. ದೊಡ್ಡ ಸಿಲಿಕಾನ್ ಫಲಕವನ್ನು ದೋಷವಿಲ್ಲದೆ ತಯಾರಿಸುವುದು ಬಹಳ ದುಬಾರಿಯಾದದ್ದರಿಂದ, ಡಿಜಿಟಲ್ ಕ್ಯಾಮರಾಗಳು ಮೊದಮೊದಲು ಈ ಕಿರಿಯ ಅಳತೆಯನ್ನೇ ಹಿಡಿದವು. ೨೦೦೫ರ ಕ್ಯಾನನ್ ೫ಡಿ ಎಂಬ ಯಂತ್ರದಿಂದ ಮೊದಲ್ಗೊಂಡು ಪೂರ್ಣಫಲಕದ ಬೆಲೆಯು ಮೆಟ್ಟಲುಮೆಟ್ಟಲಾಗಿ ಇಳಿಯುತ್ತ ಬಂದಿದೆ. ಇಳಿದುದರಿಂದಲೇ ಈಗ ಮನೆಮನೆಯಲ್ಲಿಯೂ ಈ ಚರ್ಚೆ.

ಹೆಸರುಗಳ ವಿಚಾರ ಸಾಕು. ಇನ್ನು ಗುಣದ ವಿಚಾರ. ಮಳೆ ಬರುವಾಗ ಅಂಗಳದಲ್ಲಿ ಎರಡು ಹರಿವಾಣಗಳನ್ನಿಟ್ಟಿದ್ದೇವೆಂದು ಭಾವಿಸಿರಿ. ಒಂದು ಚಿಕ್ಕದು; ಇನ್ನೊಂದು ಅದರ ೨.೬ ಪಾಲು ವಿಶಾಲವಾದದ್ದು. ಒಂದೇ ಮಳೆ, ಒಂದೇ ಹೊತ್ತು. ಸ್ವಲ್ಪ ಕಾಲದ ಮೇಲೆ ಬೆರಳಿಟ್ಟು ನೋಡಿದರೆ ಎರಡರಲ್ಲಿಯೂ ನೀರಿನ ಆಳವು ಒಂದೇ. ಆದರೆ ಎರಡನ್ನೂ ಕೊಡಕ್ಕೆ ಸುರಿದು ಅಳೆದರೆ ದೊಡ್ಡ ಹರಿವಾಣದಲ್ಲಿ ೨.೬ ಪಾಲು ಹೆಚ್ಚು ನೀರು. ಕ್ಯಾಮರಾದಲ್ಲಿಯೂ ಹೀಗೆಯೇ. ಎರಡು ಯಂತ್ರಗಳಲ್ಲಿಯೂ ಒಂದೇ ಬೆಳಕು, ಮಸೂರದ ಒಂದೇ ತೆರಪು, ಒಂದೇ ಕಾಲಾವಧಿ ಇದ್ದರೆ ಎರಡೂ ಚಿತ್ರಗಳು ಒಂದೇ ಸಮನಾಗಿ ಬೆಳ್ಳಗೆ ಕಾಣುತ್ತವೆ. ಇದು ನೀರಿನ ಆಳ. ಆದರೆ ಇಡೀ ಚಿತ್ರಕ್ಕೆ ಸೇರಿದ ಬೆಳಕಿನ ಮೊತ್ತವು ಪೂರ್ಣಫಲಕದಲ್ಲಿ ೨.೬ ಪಾಲು ಹೆಚ್ಚು. ಇದು ಕೊಡದ ನೀರು. ಎರಡೂ ಚಿತ್ರಗಳನ್ನು ಒಂದೇ ಅಳತೆಯ ಕಾಗದಕ್ಕೆ ಹಿಗ್ಗಿಸಿ ನೋಡುವಾಗ ಲೆಕ್ಕಕ್ಕೆ ಬರುವುದು ಈ ಮೊತ್ತವೇ.

ಹೆಚ್ಚು ಬೆಳಕಿನಿಂದ ಲಾಭವೇನು? ಮಳೆಯ ದೃಷ್ಟಾಂತವನ್ನೇ ಮುಂದುವರಿಸೋಣ. ತುಂತುರು ಆಗತಾನೆ ಆರಂಭವಾದಾಗ ಅಂಗಳದ ಕಲ್ಲುಚಪ್ಪಡಿಗಳನ್ನು ನೋಡಿರಿ. ಒಂದು ಚಪ್ಪಡಿಯ ಮೇಲೆ ಮೂರು ಹನಿ, ನೆರೆಯದರ ಮೇಲೆ ಏಳು ಹನಿ; ಅಂಗಳವೆಲ್ಲ ಚುಕ್ಕೆಚುಕ್ಕೆ. ಮಳೆಯು ಬಲಿತ ಮೇಲೆ ಈ ತಾರತಮ್ಯವು ಕಣ್ಣಿಗೆ ಕಾಣುವುದಿಲ್ಲ; ಎಲ್ಲವೂ ಸಮನಾಗಿ ತೊಯ್ದಿರುತ್ತವೆ. ಬೆಳಕು ಕೂಡ ಹನಿಹನಿಯಾಗಿಯೇ ಬೀಳುತ್ತದೆ. ಆ ಹನಿಗಳಿಗೆ ಫೋಟಾನ್ ಎಂದು ಹೆಸರು. ಮಂದವಾದ ಬೆಳಕಿನಲ್ಲಿ ತೆಗೆದ ಚಿತ್ರವು ಮರಳು ಚೆಲ್ಲಿದಂತೆ ಕಾಣುವುದಕ್ಕೆ ಮುಖ್ಯ ಕಾರಣವು ಈ ಹನಿಗಳ ತಾರತಮ್ಯವೇ. ಇದನ್ನು ಛಾಯಾಚಿತ್ರಕಾರರು ನಾಯ್ಸ್ ಎನ್ನುತ್ತಾರೆ. ಐ.ಎಸ್.ಒ. ಎಂಬ ಅಂಕಿಯನ್ನು ಏರಿಸಿದರೆ ಚಿತ್ರವು ಬೆಳ್ಳಗಾದೀತು. ಆದರೆ ಹೊಸ ಬೆಳಕು ಒಂದು ಹನಿಯೂ ಹುಟ್ಟದು. ತೆಳುವಾದ ಸಾರನ್ನು ದೊಡ್ಡ ಸೌಟಿನಿಂದ ಬಡಿಸಿದ ಮಾತ್ರಕ್ಕೆ ಗಟ್ಟಿಯಾಗುವುದೆ?

ಇದರ ಗಣಿತವು ಸುಲಭ. ಹನಿಗಳ ಸಂಖ್ಯೆಯು ಎಷ್ಟೋ, ಅದರ ವರ್ಗಮೂಲದಷ್ಟು ಏರುಪೇರು ಸಹಜವಾಗಿ ಇರುತ್ತದೆ. ಅಜ್ಜಿಯ ಕೆನ್ನೆಯ ಒಂದು ಅಣುಭಾಗಕ್ಕೆ ರಾತ್ರಿಯ ದೀಪದಲ್ಲಿ ಕಿರುಫಲಕದ ಮೇಲೆ ೧೦೦ ಹನಿ ಬಿದ್ದವೆನ್ನೋಣ. ವರ್ಗಮೂಲ ೧೦, ಎಂದರೆ ನೂರಕ್ಕೆ ಹತ್ತರಷ್ಟು ಏರುಪೇರು. ಪೂರ್ಣಫಲಕದಲ್ಲಿ ಅದೇ ಭಾಗಕ್ಕೆ ೨೬೦ ಹನಿ. ವರ್ಗಮೂಲ ಸುಮಾರು ೧೬. ನೂರಕ್ಕೆ ಆರರಷ್ಟು ಏರುಪೇರು. ಹತ್ತಕ್ಕೂ ಆರಕ್ಕೂ ಇರುವ ಈ ಭೇದವು ಕಣ್ಣಿಗೆ ಕಾಣುತ್ತದೆ. ಮಗನ ವಾದವು ನಿಜವೆಂದಾಯಿತು. ಆದರೆ ಅದೇ ಅಜ್ಜಿಯನ್ನು ಬೆಳಗ್ಗೆ ಜಗಲಿಯಲ್ಲಿ ಕೂರಿಸಿ ತೆಗೆದರೆ? ಕಿರುಫಲಕಕ್ಕೆ ೧೦,೦೦೦ ಹನಿ, ಪೂರ್ಣಫಲಕಕ್ಕೆ ೨೬,೦೦೦ ಹನಿ ಎನ್ನೋಣ. ಏರುಪೇರು ಮೊದಲನೆಯದರಲ್ಲಿ ನೂರಕ್ಕೆ ಒಂದು, ಎರಡನೆಯದರಲ್ಲಿ ನೂರಕ್ಕೆ ಅರ್ಧಕ್ಕಿಂತ ತುಸು ಹೆಚ್ಚು. ಪ್ರಮಾಣವು ಹಿಂದಿನದೇ, ಆದರೆ ಇವೆರಡನ್ನೂ ನಮ್ಮ ಕಣ್ಣು ಗುರುತಿಸಲಾರದು. ತಂದೆಯ ವಾದವೂ ನಿಜವೆಂದಾಯಿತು!

ಬರಿಯ ಲೆಕ್ಕದಿಂದ ಮನಸ್ಸು ಒಪ್ಪದೆ ಇರಬಹುದು. ಅಂಗಡಿಯಲ್ಲಿ ದೊರೆಯುವ ಯಂತ್ರಗಳ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಕ್ಯಾನನ್ ಕಂಪನಿಯು ೨೦೨೩ನೆಯ ಇಸವಿ ಫೆಬ್ರವರಿ ತಿಂಗಳಿನಲ್ಲಿ ಎರಡು ಯಂತ್ರಗಳನ್ನು ಒಟ್ಟಿಗೇ ಪ್ರಕಟಿಸಿತು. ಆರ್ ೫೦ ಎಂಬುದು ಕಿರುಫಲಕದ್ದು. ಆರ್ ೮ ಎಂಬುದು ಪೂರ್ಣಫಲಕದ್ದು. ಎರಡೂ ಸುಮಾರು ೨ ಕೋಟಿ ೪೦ ಲಕ್ಷ ಬಿಂದುಗಳ ಚಿತ್ರವನ್ನು ಕೊಡುತ್ತವೆ. ಒಬ್ಬನೇ ತಯಾರಕ, ಒಂದೇ ಕಾಲ, ಒಂದೇ ಬಿಂದುಸಂಖ್ಯೆ. ತುಲನೆಗೆ ಇದಕ್ಕಿಂತ ಅನುಕೂಲವಾದ ಜೋಡಿಯು ದುರ್ಲಭ. ತೂಕವು ಬ್ಯಾಟರಿ ಸಹಿತವಾಗಿ ಮೊದಲನೆಯದು ೩೭೫ ಗ್ರಾಂ, ಎರಡನೆಯದು ೪೬೧ ಗ್ರಾಂ. ಅಮೆರಿಕದಲ್ಲಿ ಬಿಡುಗಡೆಯಾದಾಗ ಬರಿಯ ಯಂತ್ರದ ಬೆಲೆಯು ಆರ್ ೫೦ಕ್ಕೆ ಸುಮಾರು ೬೮೦ ಡಾಲರು, ಆರ್ ೮ಕ್ಕೆ ಸುಮಾರು ೧,೫೦೦ ಡಾಲರು. ನಮ್ಮ ದೇಶದ ಬೆಲೆಯು ಹಬ್ಬಹಬ್ಬಕ್ಕೆ ಬದಲಾಗುವುದರಿಂದ ಅಂಗಡಿಯಲ್ಲಿ ವಿಚಾರಿಸಿಯೇ ತಿಳಿಯತಕ್ಕದ್ದು. ಒಂದು ಇನ್ನೊಂದರ ಎರಡರಷ್ಟಕ್ಕಿಂತ ಹೆಚ್ಚೆಂಬ ಈ ಪ್ರಮಾಣವನ್ನು ಮಾತ್ರ ಇಲ್ಲಿ ಗಮನಿಸಿದರೆ ಸಾಕು.

ಈ ಎರಡೂ ಯಂತ್ರಗಳೊಡನೆ ಬರುವ ಸಾಮಾನ್ಯ ಮಸೂರಗಳ ತೆರಪು ಕೂಡ ಒಂದೇ: ಎಫ್ ೪.೫ರಿಂದ ಎಫ್ ೬.೩. ಆದಕಾರಣ ಹೊರಗೆ ತಂದ ಹಾಗೆಯೇ ಎರಡನ್ನೂ ಬಳಸಿದರೆ ಮಂದವಾದ ಬೆಳಕಿನಲ್ಲಿ ಆರ್ ೮ರದೇ ಮೇಲುಗೈ. ಅದರಲ್ಲಿ ಐ.ಎಸ್.ಒ. ೩೨೦೦ರಲ್ಲಿ ತೆಗೆದ ಚಿತ್ರದ ಮರಳು, ಆರ್ ೫೦ರಲ್ಲಿ ಸುಮಾರು ೧೨೫೦ರಲ್ಲಿ ತೆಗೆದ ಚಿತ್ರದ ಮರಳಿನಷ್ಟೇ ಇರುತ್ತದೆ. ಹಗಲಿನಲ್ಲಿ, ಐ.ಎಸ್.ಒ. ೧೦೦ರಲ್ಲಿ, ಎರಡು ಚಿತ್ರಗಳನ್ನೂ ಹೆಸರು ಮರೆಮಾಡಿ ಮುಂದಿಟ್ಟರೆ ಯಾವುದು ಯಾವುದೆಂದು ಹೇಳುವುದು ಪಳಗಿದವರಿಗೂ ಕಷ್ಟ.

ಆದರೆ ಇಲ್ಲಿ ಅನೇಕರು ಮರೆಯುವ ಸಂಗತಿಯೊಂದಿದೆ. ಬೆಳಕು ಫಲಕಕ್ಕೆ ಬರುವುದು ಮಸೂರದ ಬಾಗಿಲಿನಿಂದ. ಎಫ್ ಎಂಬ ಅಂಕಿಯು ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಬೆಳಕು ಆ ಅಂಕಿಗಳ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಕ್ಯಾನನ್ನಿನವರೇ ೨೦೨೦ರಲ್ಲಿ ಹೊರತಂದ ೫೦ ಮಿಲಿಮೀಟರಿನ ಎಫ್ ೧.೮ ಮಸೂರವೊಂದುಂಟು, ಬಿಡುಗಡೆಯ ಬೆಲೆ ಸುಮಾರು ೨೦೦ ಡಾಲರು ಮಾತ್ರ. ಇದನ್ನು ಆರ್ ೫೦ಕ್ಕೆ ತೊಡಿಸಿರಿ. ಆರ್ ೮ಕ್ಕೆ ಅದರೊಡನೆ ಬರುವ ಮಸೂರವನ್ನೇ ಇಟ್ಟು, ಅದರ ೫೦ ಮಿಲಿಮೀಟರಿನ ತುದಿಯಲ್ಲಿ, ಎಂದರೆ ಎಫ್ ೬.೩ರಲ್ಲಿ ನೋಡಿರಿ. ೬.೩ನ್ನು ೧.೮ರಿಂದ ಭಾಗಿಸಿ ವರ್ಗಮಾಡಿದರೆ ಹನ್ನೆರಡು ಪಾಲು ಹೆಚ್ಚು ಬೆಳಕು. ಫಲಕವು ಚಿಕ್ಕದಾದದ್ದಕ್ಕಾಗಿ ಅದನ್ನು ೨.೬ರಿಂದ ಭಾಗಿಸಿದರೂ ನಾಲ್ಕೂವರೆ ಪಾಲಿಗಿಂತ ಮೇಲೆ ಉಳಿಯುತ್ತದೆ. ಕಿರುಫಲಕವು ಕಡಮೆ ಹಣದಲ್ಲಿಯೇ, ಅದೇ ದೀಪದಡಿಯಲ್ಲಿ, ಪೂರ್ಣಫಲಕವನ್ನು ಮೀರಿಸಿತು! ಕಿರುಫಲಕದ ಮೇಲೆ ಈ ಮಸೂರದ ನೋಟವು ೮೦ ಮಿಲಿಮೀಟರಿನ ಮಸೂರದಂತೆ ಕಿರಿದಾಗುವುದರಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ನಿಲ್ಲಬೇಕಾಗುತ್ತದೆ. ಒಬ್ಬರೇ ವ್ಯಕ್ತಿಯ ಮುಖದ ಚಿತ್ರಕ್ಕೆ ಅದು ಒಳ್ಳೆಯದೇ. ಅದೇ ಮಸೂರವನ್ನು ಆರ್ ೮ಕ್ಕೂ ತೊಡಿಸಿದರೆ ಆಗ ಅದು ಮತ್ತೆ ೨.೬ ಪಾಲು ಮುಂದಾಗುತ್ತದೆಯಷ್ಟೆ ಎಂದು ಮಗನು ಕೇಳಬಹುದು. ಸತ್ಯವೇ. ಆದರೆ ಆಗ ಹಣವೂ ಮುಂದಾಗುತ್ತದೆ. ಹಣವೆಲ್ಲವನ್ನೂ ಫಲಕಕ್ಕೆ ಸುರಿದು ಮಸೂರಕ್ಕೆ ಏನೂ ಉಳಿಸದವರ ಯಂತ್ರವು, ವಿಶಾಲವಾದ ನಡುಮನೆಗೆ ಬೆಳಕಿಂಡಿಯನ್ನೇ ಇಡದೆ ಕಟ್ಟಿದಂತಾಗುತ್ತದೆ ಎಂಬುದೇ ನಮ್ಮ ಅಭಿಪ್ರಾಯ.

ಇನ್ನೊಂದು ಸಂದರ್ಭವನ್ನು ನೋಡೋಣ. ಮದುವೆಯ ಮಂಟಪದಲ್ಲಿ ಬಂಧುಗಳೆಲ್ಲ ಮೂರು ಸಾಲಾಗಿ ನಿಂತಿದ್ದಾರೆ. ಮುಂದೆ ಕುಳಿತ ಮಕ್ಕಳೂ ಹಿಂದೆ ನಿಂತ ಚಿಕ್ಕಪ್ಪಂದಿರೂ ಸಮನಾಗಿ ಸ್ಪಷ್ಟವಾಗಿರಬೇಕು. ದೊಡ್ಡ ಫಲಕದ ಒಂದು ಸ್ವಭಾವವೇನೆಂದರೆ, ಒಂದೇ ನೋಟ ಮತ್ತು ಒಂದೇ ತೆರಪಿನಲ್ಲಿ ಅದರ ಸ್ಪಷ್ಟತೆಯ ಆಳವು ಕಡಮೆ. ಕಿರುಫಲಕವು ಎಫ್ ೪ರಲ್ಲಿ ಮೂರು ಸಾಲನ್ನೂ ಸ್ಪಷ್ಟವಾಗಿ ತೋರಿಸುವುದಾದರೆ, ಪೂರ್ಣಫಲಕವು ಅಷ್ಟೇ ತೋರಿಸಲು ತೆರಪನ್ನು ಸುಮಾರು ಎಫ್ ೬.೪ರವರೆಗೆ ಕಿರಿದುಮಾಡಬೇಕು. ಆಗ ಬೆಳಕು ಅದೇ ೨.೬ ಪಾಲು ಕುಗ್ಗುತ್ತದೆ, ಐ.ಎಸ್.ಒ.ವನ್ನು ಅಷ್ಟೇ ಏರಿಸಬೇಕಾಗುತ್ತದೆ. ಚಿತ್ರದ ಮರಳು ಎರಡರಲ್ಲಿಯೂ ಒಂದೇ ಆಗಿಬಿಡುತ್ತದೆ. ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ! ಮನೆಯವರು ತೆಗೆಯುವ ಚಿತ್ರಗಳಲ್ಲಿ ಗುಂಪಿನ ಚಿತ್ರಗಳೇ ಬಹುಪಾಲಲ್ಲವೆ? ಅವುಗಳಲ್ಲಿ ಪೂರ್ಣಫಲಕದ ಹೆಚ್ಚಳವು ಬಹುಮಟ್ಟಿಗೆ ಕರಗಿಹೋಗುತ್ತದೆ.

“ಹಾಗಾದರೆ ಮದುವೆಯ ಛಾಯಾಚಿತ್ರಕಾರರೆಲ್ಲ ಪೂರ್ಣಫಲಕವನ್ನೇ ಏಕೆ ಬಯಸುತ್ತಾರೆ? ಅವರೆಲ್ಲ ಲೆಕ್ಕವರಿಯದವರೆ?” ಎಂಬ ಪೂರ್ವಪಕ್ಷವು ಇಲ್ಲಿ ಏಳುತ್ತದೆ. ಅದಕ್ಕೆ ನ್ಯಾಯವಾದ ಉತ್ತರವನ್ನು ಹೇಳಲೇಬೇಕು. ಧಾರೆಯ ಹೊತ್ತಿನಲ್ಲಿ, ಜನರು ಸುತ್ತಲೂ ಮುಸುಕಿರುವಾಗ, ಮಗಳ ಕೈಯ ಮೇಲೆ ತಾಯಿಯು ನೀರೆರೆಯುವುದು ಕೆಲವು ಕ್ಷಣಗಳ ಮಾತು. ಬೆಳಕು ಸಾಲದಾಯಿತು, ಮತ್ತೊಮ್ಮೆ ಧಾರೆ ಎರೆಯಿರಿ ಎಂದು ಕೇಳಲಾದೀತೆ? ಕೈಗಳು ಚಲಿಸುವುದರಿಂದ ಕಾಲಾವಧಿಯನ್ನು ಹೆಚ್ಚಿಸುವಂತಿಲ್ಲ. ದೊಡ್ಡ ಬಾಗಿಲಿನ ಮಸೂರವನ್ನು ಆಗಲೇ ಪೂರ್ತಿಯಾಗಿ ತೆರೆದಾಗಿದೆ. ಇನ್ನು ಉಳಿದ ಉಪಾಯವೊಂದೇ, ಫಲಕವನ್ನು ಹಿರಿದು ಮಾಡುವುದು. ಅಲ್ಲಿ ೨.೬ ಪಾಲು ಬೆಳಕು ನಿಜವಾಗಿಯೂ ಅನ್ನ ಕೊಡುವ ಬೆಳಕು. ಹಿನ್ನೆಲೆಯನ್ನು ಮೃದುವಾಗಿ ಕರಗಿಸಿ ಮುಖವನ್ನು ಎತ್ತಿ ತೋರಿಸುವುದರಲ್ಲಿಯೂ, ಗೋಡೆಯಷ್ಟು ದೊಡ್ಡ ಪಟ ಮಾಡಿಸುವುದರಲ್ಲಿಯೂ ಪೂರ್ಣಫಲಕವು ಮೇಲು. ಇದರಲ್ಲಿ ಸಂಶಯವಿಲ್ಲ.

ಆದರೆ ವಿಸ್ತೀರ್ಣವೊಂದೇ ಸರ್ವಸ್ವವೆಂದು ಭಾವಿಸಬಾರದು. ಫಲಕದ ಜಾತಿ ಮತ್ತು ಪ್ರಾಯಗಳೂ ಲೆಕ್ಕಕ್ಕೆ ಬರುತ್ತವೆ. ೨೦೧೭ರಲ್ಲಿ ಕ್ಯಾನನ್ ೬ಡಿ ಮಾರ್ಕ್ ೨ ಎಂಬ ಪೂರ್ಣಫಲಕದ ಯಂತ್ರವೂ, ನಿಕಾನ್ ಡಿ ೭೫೦೦ ಎಂಬ ಕಿರುಫಲಕದ ಯಂತ್ರವೂ ಹೊರಬಂದವು. ಕಡಮೆ ಐ.ಎಸ್.ಒ.ದಲ್ಲಿ ತೆಗೆದ ಚಿತ್ರದ ನೆರಳುಗಳನ್ನು ಆಮೇಲೆ ಕಂಪ್ಯೂಟರಿನಲ್ಲಿ ಎತ್ತಿ ಬೆಳ್ಳಗೆ ಮಾಡಿದರೆ, ಚಿಕ್ಕದಾದ ನಿಕಾನ್ ಫಲಕದ ನೆರಳುಗಳೇ ಹೆಚ್ಚು ನಿರ್ಮಲವಾಗಿದ್ದವು. ಬೆಳಕಿನ ಹನಿಗಳನ್ನು ಓದಿ ಎಣಿಸುವ ವಿದ್ಯುದುಪಕರಣಗಳು ತಮ್ಮದೂ ಒಂದಿಷ್ಟು ಗೊಂದಲವನ್ನು ಸೇರಿಸುವುದೇ ಇದಕ್ಕೆ ಕಾರಣ. ಐ.ಎಸ್.ಒ. ಏರಿದಂತೆ ಪೂರ್ಣಫಲಕವೇ ಮತ್ತೆ ಮುಂದಾಯಿತು. ಹಳೆಯ ಪೂರ್ಣಫಲಕದ ಯಂತ್ರವನ್ನು ಅಗ್ಗವಾಗಿ ಕೊಳ್ಳಹೊರಡುವವರು ಈ ಉದಾಹರಣೆಯನ್ನು ಮರೆಯಬಾರದು.

ಕೆಲವು ಕಾರ್ಯಗಳಲ್ಲಿ ಕಿರುಫಲಕವೇ ಮೇಲು. ರಂಗನತಿಟ್ಟಿನಲ್ಲಿ ಕಾವೇರಿಯ ನಡುಗಡ್ಡೆಯ ಮರದ ಮೇಲೆ ಬಣ್ಣದ ಕೊಕ್ಕರೆಯು ಕುಳಿತಿದೆ, ನಾವು ದೋಣಿಯಲ್ಲಿದ್ದೇವೆ. ಕೈಯಲ್ಲಿರುವುದು ೪೦೦ ಮಿಲಿಮೀಟರಿನ ಮಸೂರ. ಎರಡು ಯಂತ್ರಗಳಲ್ಲಿಯೂ ಹಕ್ಕಿಯ ಬಿಂಬವು ಫಲಕದ ಮೇಲೆ ಒಂದೇ ಗಾತ್ರದ್ದು. ಆದರೆ ಕಿರುಫಲಕದ ೨ ಕೋಟಿ ೪೦ ಲಕ್ಷ ಬಿಂದುಗಳೂ ಆ ಕಿರಿದಾದ ಜಾಗದಲ್ಲಿಯೇ ಒತ್ತಾಗಿವೆ. ಪೂರ್ಣಫಲಕದಲ್ಲಿ ಅಷ್ಟೇ ಜಾಗವನ್ನು ಕತ್ತರಿಸಿ ತೆಗೆದರೆ ಉಳಿಯುವುದು ಸುಮಾರು ೯೩ ಲಕ್ಷ ಬಿಂದುಗಳು. ಆದ್ದರಿಂದ ಹಕ್ಕಿಯ ಗರಿಯ ಅಂಚುಗಳು ಕಿರುಫಲಕದಲ್ಲಿಯೇ ಹೆಚ್ಚು ವಿವರವಾಗಿ ದೊರೆಯುತ್ತವೆ. ಅಂತೆಯೇ ಮನೆಯ ಅಟ್ಟದ ಮೇಲಿರುವ ಓಲೆಗರಿಯ ಕಟ್ಟುಗಳನ್ನು ಚಿತ್ರತೆಗೆದು ಇಡಬೇಕೆನ್ನುವವರಿಗೂ ಕಿರುಫಲಕವು ಧಾರಾಳವಾಗಿ ಸಾಕು. ಓಲೆಯು ಅಲುಗಾಡುವುದಿಲ್ಲ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಯಂತ್ರವನ್ನಿಟ್ಟು, ಐ.ಎಸ್.ಒ. ೧೦೦ರಲ್ಲಿ, ಬೇಕಾದಷ್ಟು ಹೊತ್ತು ಬೆಳಕನ್ನು ಕೊಟ್ಟರಾಯಿತು. ಕೊರೆದ ಅಕ್ಷರಗಳು ಎದ್ದು ಕಾಣಬೇಕಾದರೆ ದೀಪವನ್ನು ಪಕ್ಕದಿಂದ ಓರೆಯಾಗಿ ಹಿಡಿಯತಕ್ಕದ್ದು.

ಇನ್ನು ತೆಗೆದ ಚಿತ್ರಗಳನ್ನು ನಾವು ನೋಡುವುದು ಹೇಗೆ ಎಂಬುದನ್ನೂ ಯೋಚಿಸಬೇಕು. ೨ ಕೋಟಿ ೪೦ ಲಕ್ಷ ಬಿಂದುಗಳೆಂದರೆ ೬,೦೦೦ಕ್ಕೆ ೪,೦೦೦. ಅಂಗುಲಕ್ಕೆ ೩೦೦ ಬಿಂದುಗಳಂತೆ ಮುದ್ರಿಸಿದರೆ ೨೦ ಅಂಗುಲ ಅಗಲ, ೧೩ ಅಂಗುಲಕ್ಕಿಂತ ಹೆಚ್ಚು ಎತ್ತರದ ಪಟವಾಗುತ್ತದೆ. ನಮ್ಮ ನಡುಮನೆಗಳ ಗೋಡೆಯ ಮೇಲೆ ಇದಕ್ಕಿಂತ ದೊಡ್ಡ ಪಟಗಳು ಎಷ್ಟಿವೆ? ಸಾಮಾನ್ಯ ದೂರದರ್ಶನದ ಪರದೆಯು ತೋರಿಸುವುದು ಸುಮಾರು ೨೦ ಲಕ್ಷ ಬಿಂದು. ೪ಕೆ ಎಂಬ ಹೊಸ ಪರದೆಯಾದರೂ ಸುಮಾರು ೮೩ ಲಕ್ಷ. ಹೆಚ್ಚಿನ ಬಿಂದುಗಳನ್ನು ಕುಗ್ಗಿಸಿ ತೋರಿಸುವಾಗ ಚಿತ್ರದ ಮರಳು ಕೂಡ ಒಂದರೊಡನೊಂದು ಬೆರೆತು ಮಾಯವಾಗುತ್ತದೆ. ಪರದೆಯ ಮೇಲೆ ಚಿತ್ರದ ಒಂದು ಮೂಲೆಯನ್ನು ಹತ್ತುಪಾಲು ಹಿಗ್ಗಿಸಿ, ಅಲ್ಲಿ ಕಂಡ ಕಾಳನ್ನು ಹಿಡಿದು ಇಡೀ ಯಂತ್ರವನ್ನು ತೂಗುವವರಿದ್ದಾರೆ. ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು ಅಡಿಗೆಮನೆಯಲ್ಲಿ ಸರಿ. ಚಿತ್ರದಲ್ಲಿ ಅದು ಸಲ್ಲದು. ಚಿತ್ರವನ್ನು ನೋಡತಕ್ಕದ್ದು ತೋಳಿನಷ್ಟು ದೂರದಲ್ಲಿ, ಇಡಿಯಾಗಿ.

ಮಂದವಾದ ಬೆಳಕಿನ ಮರಳನ್ನು ತೆಗೆದುಹಾಕುವ ಕಂಪ್ಯೂಟರ್ ವಿದ್ಯೆಗಳೂ ಈಗ ಬಹಳ ಮುಂದುವರಿದಿವೆ. ಅವುಗಳಿಂದ ಎರಡು ಫಲಕಗಳ ಅಂತರವು ಇನ್ನಷ್ಟು ಕುಗ್ಗುತ್ತದೆ. ಆದರೆ ಮಿತಿಮೀರಿ ಬಳಸಿದರೆ ಮರಳಿನೊಡನೆ ಅಜ್ಜಿಯ ಮುಖದ ಸುಕ್ಕುಗಳೂ ಒರಸಿಹೋಗಿ, ಅರುವತ್ತು ವರ್ಷದ ಯಾರೋ ಅಪರಿಚಿತರು ಕುಳಿತಂತೆ ಕಂಡೀತು. ಆ ಸುಕ್ಕುಗಳು ಅವರು ಪಟ್ಟ ಪಾಡಿನ ಲಿಪಿ. ಅದನ್ನು ಅಳಿಸುವ ಅಧಿಕಾರ ನಮಗಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬೆಳಕೇ. ಬೆಳಕಿನ ತೀಕ್ಷ್ಣತೆಯನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ರಾತ್ರಿಯ ಹೊತ್ತು ಮನೆಯ ದೀಪದಲ್ಲಿ ಸುಮಾರು ೧೦೦ ಲಕ್ಸ್ ಇರುತ್ತದೆ. ಹಗಲು ಕಿಟಕಿಯ ಪಕ್ಕದಲ್ಲಿ ೧,೦೦೦ಕ್ಕೂ ಮೇಲೆ. ಹೊರಗೆ ಬಯಲಿನ ನೆರಳಿನಲ್ಲಿ ಸುಮಾರು ೧೦,೦೦೦. ಉರಿಬಿಸಿಲಿನಲ್ಲಿ ಸುಮಾರು ಒಂದು ಲಕ್ಷ. ಎರಡರಷ್ಟು ಹಣ ಕೊಟ್ಟು ಪಡೆಯುವ ಪೂರ್ಣಫಲಕವು ೨.೬ ಪಾಲು ಬೆಳಕನ್ನು ತಂದುಕೊಡುತ್ತದೆ. ಅಜ್ಜಿಯ ಮಣೆಯನ್ನು ನಡುಮನೆಯಿಂದ ಕಿಟಕಿಯ ಬಳಿಗೆ ಸರಿಸಿದರೆ, ಕಾಸಿನ ಖರ್ಚಿಲ್ಲದೆ ಹತ್ತು ಪಾಲು ಬೆಳಕು ಬರುತ್ತದೆ. ಈ ಲೆಕ್ಕವನ್ನು ಅರಿತವನ ಕೈಯಲ್ಲಿ ಕಿರುಫಲಕವೂ ಕಾಮಧೇನುವಾದೀತು; ಅರಿಯದವನ ಕೈಯಲ್ಲಿ ಪೂರ್ಣಫಲಕವೂ ಬರಡು ಹಸುವೇ.

ಹೀಗಿರಲಾಗಿ ಆ ಮನೆಯವರಿಗೆ ನಾವು ಹೇಳುವ ಸಿದ್ಧಾಂತವು ಅಧಿಕಾರಿಭೇದವನ್ನು ಅನುಸರಿಸತಕ್ಕದ್ದು. ಮನೆಯ ಚಿತ್ರಗಳಿಗಾಗಿಯೇ ಕ್ಯಾಮರಾ ಬೇಕಾದರೆ ಕಿರುಫಲಕವನ್ನು ಕೊಳ್ಳಿರಿ, ಉಳಿದ ಹಣದಲ್ಲಿ ಸ್ವಲ್ಪ ಭಾಗದಿಂದ ದೊಡ್ಡ ಬಾಗಿಲಿನ ಮಸೂರವೊಂದನ್ನು ಕೊಳ್ಳಿರಿ, ಮಿಕ್ಕದ್ದು ಮನೆಯಲ್ಲಿರಲಿ. ಮಗನು ಇದನ್ನೇ ಜೀವನೋಪಾಯವಾಗಿ ಮಾಡಿಕೊಳ್ಳುವುದಾದರೆ ಅವನು ಕೇಳುವುದು ದುಂದುಗಾರಿಕೆಯಲ್ಲ, ಕಸುಬಿನ ಉಪಕರಣ. ಯಜಮಾನರು ಅದನ್ನು ಹಾಗೆಂದೇ ಎಣಿಸಬೇಕು. ಆದರೆ ಮಗನೂ ಮೊದಲು ಕಂತಿನ ಕಾಗದಕ್ಕೆ ರುಜು ಹಾಕದೆ, ನಗರಗಳಲ್ಲಿ ಬಾಡಿಗೆಗೆ ದೊರೆಯುವ ಪೂರ್ಣಫಲಕದ ಯಂತ್ರವನ್ನು ತಂದು ನಾಲ್ಕು ಮದುವೆಗಳಲ್ಲಿ ದುಡಿದು ನೋಡಲಿ. ದುಡಿಮೆಯು ಕಂತನ್ನು ಹೊರುವುದೆಂದು ಕಂಡಮೇಲೆ ಕೊಳ್ಳಲಿ. ಈಗ ಕೊಳ್ಳುವ ಮಸೂರವನ್ನು ಮಾತ್ರ ಪೂರ್ಣಫಲಕಕ್ಕೂ ಸಲ್ಲುವಂಥದನ್ನೇ ಆರಿಸಲಿ. ಮೇಲೆ ಹೇಳಿದ ೫೦ ಮಿಲಿಮೀಟರಿನದು ಎರಡಕ್ಕೂ ಸಲ್ಲುತ್ತದೆ. ಕಿರುಫಲಕಕ್ಕೆಂದೇ ಮಾಡಿದ ಮಸೂರವನ್ನು ಆರ್ ೮ಕ್ಕೆ ತೊಡಿಸಿದರೆ ಅದು ನಡುವಿನ ಕಿರಿಯ ಭಾಗವನ್ನಷ್ಟೇ ಚಿತ್ರಿಸುತ್ತದೆ. ಕೊಟ್ಟ ಹಣವೆಲ್ಲ ಅಂಚಿನಲ್ಲಿ ವ್ಯರ್ಥವಾಗುತ್ತದೆ.

ಅಜ್ಜಿಯ ಪಟದ ವಿಚಾರದಲ್ಲಿ ಮಾತ್ರ ಯಾವ ಫಲಕದ ನಿರ್ಣಯಕ್ಕೂ ಕಾಯತಕ್ಕದ್ದಿಲ್ಲ. ಮನೆಯಲ್ಲಿರುವ ಫೋನಿನ ಫಲಕವು 'ಕಿರು'ಫಲಕಕ್ಕಿಂತಲೂ ಎಷ್ಟೋ ಪಾಲು ಕಿರಿದು. ಆದರೂ ಅನೇಕ ಚಿತ್ರಗಳನ್ನು ಕ್ಷಣದಲ್ಲಿ ತೆಗೆದು ಒಂದಾಗಿ ಬೆರಸುವ ಜಾಣ್ಮೆ ಅದಕ್ಕುಂಟು. ನಾಳೆ ಬೆಳಗ್ಗೆ ಎಂಟು ಒಂಬತ್ತು ಗಂಟೆಗೆ, ನೇರವಾದ ಬಿಸಿಲು ಬೀಳದ ಕಿಟಕಿಯ ಪಕ್ಕದಲ್ಲಿ ಅವರನ್ನು ಕೂರಿಸಿರಿ. ಬೆಳಕು ಮುಖದ ಒಂದು ಮಗ್ಗುಲಿನಿಂದ ಬರಲಿ. ಮೊಮ್ಮಗನು ಅವರೊಡನೆ ಹಳೆಯ ಮಾತು ತೆಗೆಯಲಿ. ಮಾತಿನ ನಡುವೆ ಚಿತ್ರ ತೆಗೆಯಲಿ. ಹೊಸ ಕ್ಯಾಮರಾ ಬಂದಮೇಲೆ ಇನ್ನೂ ಹತ್ತು ತೆಗೆಯಬಹುದು.

ತೆಗೆದ ಮೇಲೆ ಎರಡು ಕೆಲಸಗಳುಳಿಯುತ್ತವೆ. ಚಿತ್ರಗಳ ಪ್ರತಿಯನ್ನು ಎರಡು ಬೇರೆಬೇರೆ ಕಡೆಗಳಲ್ಲಿ ಕಾಪಾಡಿರಿ. ಒಂದು ಕೆಟ್ಟರೆ ಒಂದಿರಲಿ. ಉತ್ತಮವಾದ ನಾಲ್ಕಾರನ್ನು ಕಾಗದದ ಮೇಲೆ ಮುದ್ರಿಸಿ ಆಲ್ಬಮ್ಮಿನಲ್ಲಿ ಅಂಟಿಸಿ, ಕೆಳಗೆ ಹೆಸರು, ಊರು, ತಿಥಿ, ಇಸವಿಗಳನ್ನು ದುಂಡಾಗಿ ಬರೆದಿಡಿರಿ. ಐವತ್ತು ವರ್ಷಗಳ ಮೇಲೆ ಆ ಪಟವನ್ನು ಕೈಗೆತ್ತಿಕೊಳ್ಳುವ ಮಗುವು ಇದು ಯಾವ ಫಲಕದ ಚಿತ್ರವೆಂದು ಕೇಳುವುದಿಲ್ಲ. ಇವರು ಯಾರು ಎಂದು ಕೇಳುತ್ತದೆ. ಆ ಪ್ರಶ್ನೆಗೆ ಉತ್ತರವು ಪಟದ ಕೆಳಗೇ ಇರಬೇಕು.